ಮನೆಮಂದಿಯ ಮೊದಲ ಕ್ರೂಸ್: ಕಾಗದಪತ್ರದಿಂದ ಕೊನೆಯ ರಾತ್ರಿಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಹಡಗು ಹತ್ತುವ ಟರ್ಮಿನಲ್‌ನಲ್ಲಿ ಒಂದು ಮೇಜು ಇರುತ್ತದೆ. ಅದರ ಆಚೆ ಕೂತವರು ನಿಮ್ಮ ಪಾಸ್‌ಪೋರ್ಟ್‌ಗಳನ್ನು ಒಂದೊಂದಾಗಿ ತೆಗೆದು, ಪುಟ ತಿರುವಿ, ಒಮ್ಮೆ ಮುಖ ನೋಡಿ ಒಮ್ಮೆ ಕಂಪ್ಯೂಟರ್ ನೋಡುತ್ತಾರೆ. ಮೊದಲನೆಯದು ಸರಿ. ಎರಡನೆಯದು ಸರಿ. ಮೂರನೆಯದರ ಮೇಲೆ ಅವರ ಕೈ ನಿಂತಿತು ಅಂದರೆ ಅಲ್ಲಿಗೆ ಎಲ್ಲರ ಪ್ರವಾಸವೂ ನಿಂತ ಹಾಗೆ. ಕಾಗದ ಸರಿಯಿಲ್ಲ ಅಂತ ಮಗುವನ್ನು ದಡದಲ್ಲಿ ಬಿಟ್ಟು ಯಾರು ತಾನೇ ಹಡಗು ಹತ್ತುತ್ತಾರೆ?

ಅದಕ್ಕೇ ಕುಟುಂಬದ ಕ್ರೂಸ್ ತಯಾರಿಯಲ್ಲಿ ನಾನು ಒಂದೇ ಮಾತನ್ನು ಎಲ್ಲರಿಗೂ ಮೊದಲು ಹೇಳುತ್ತೇನೆ. ಐದು ಜನರಲ್ಲಿ ನಾಲ್ವರ ಕಾಗದ ಪಕ್ಕಾ ಇದ್ದರೆ ಸಾಲದು. ಐದನೆಯವರ ಕಾಗದ ಎಷ್ಟು ಗಟ್ಟಿಯೋ ನಿಮ್ಮ ಪ್ರವಾಸ ಅಷ್ಟೇ ಗಟ್ಟಿ. ಹಾಗೆಯೇ ದಾರಿಯಲ್ಲಿ ಆರು ಬಂದರು ಇದ್ದರೆ, ಅದರಲ್ಲಿ ಯಾವ ದೇಶದ ನಿಯಮ ಎಲ್ಲಕ್ಕಿಂತ ಬಿಗಿಯೋ ಅದೇ ನಿಮ್ಮ ನಿಯಮ. ಮುಂದಿನದ್ದೆಲ್ಲ ಈ ಎರಡು ಮಾತಿನ ವಿವರ.

ಟಿಕೆಟ್‌ಗೂ ಮುಂಚೆ ಹಡಗಿನ ದಾರಿ ಓದಿ

ಕ್ರೂಸ್ ಜಾಹೀರಾತಿನಲ್ಲಿ ಕಣ್ಣಿಗೆ ಬೀಳೋದು ಈಜುಕೊಳ, ಊಟದ ಹಾಲ್, ಮಕ್ಕಳ ಜಾರುಬಂಡೆ. ನೀವು ಹುಡುಕಬೇಕಾದ್ದು ಅದರ ಕೆಳಗಿರುವ ಪುಟ್ಟ ಪಟ್ಟಿ. ಯಾವ ದಿನ ಯಾವ ಬಂದರು, ಎಷ್ಟು ಗಂಟೆಗೆ ಮುಟ್ಟುತ್ತದೆ, ಎಷ್ಟು ಗಂಟೆಗೆ ಹೊರಡುತ್ತದೆ ಅಂತ ಅದರಲ್ಲಿರುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿ ಬಂದರಿನ ಪಕ್ಕ ಅದು ಯಾವ ದೇಶದ್ದು ಅಂತ ಬರೆಯಿರಿ. ಪಟ್ಟಿಯ ಮೊದಲಿಗೆ ಮತ್ತು ಕೊನೆಗೆ ನಿಮ್ಮ ವಿಮಾನದ ದಾರಿಯನ್ನೂ ಸೇರಿಸಿ, ಮಧ್ಯೆ ವಿಮಾನ ಬದಲಿಸುವ ಊರು ಸಹಿತ. ಎಷ್ಟೋ ದೇಶಗಳಲ್ಲಿ ಬರೀ ವಿಮಾನ ಬದಲಿಸೋದಕ್ಕೂ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ.

ಈ ಹಾಳೆ ಕೊನೆಯವರೆಗೂ ಜೊತೆಗಿರಲಿ. ವೀಸಾ, ಇನ್ಶೂರೆನ್ಸ್, ಲಸಿಕೆ ಎಲ್ಲಕ್ಕೂ ಇದೇ ಆಧಾರ.

ಪಾಸ್‌ಪೋರ್ಟ್‌ಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಕೂರಿ

ಒಂದೊಂದಾಗಿ ಬೇರೆ ಬೇರೆ ದಿನ ನೋಡಬೇಡಿ. ಮನೆಯವರೆಲ್ಲರ ಪಾಸ್‌ಪೋರ್ಟ್ ತೆಗೆದು ಹಾಸಿಗೆಯ ಮೇಲೆ ಸಾಲಾಗಿ ಇಡಿ, ಫೋಟೊ ಪುಟ ತೆರೆದು. ನಾವು ಮೊದಲ ಸಲ ಹೀಗೆ ಕೂತಾಗ ನನ್ನದೂ ನಮ್ಮವರದೂ ಇನ್ನೂ ಆರೇಳು ವರ್ಷ ನಡೆಯುವಂಥದ್ದು. ಅದೇ ಧೈರ್ಯದಲ್ಲಿ ಮಕ್ಕಳದ್ದನ್ನು ಸುಮ್ನೆ ನೋಡಿದೆ. ಚಿಕ್ಕವಳದ್ದು ಪ್ರವಾಸ ಮುಗಿದ ನಾಲ್ಕೇ ತಿಂಗಳಿಗೆ ಮುಗಿಯುತ್ತಿತ್ತು! ಎದೆ ಧಸಕ್ ಅಂದಿತು. ಎಲ್ಲರದ್ದೂ ಒಂದೇ ದಿನ ಮಾಡಿಸಿದ್ದೆವು, ಹಾಗಾಗಿ ಒಟ್ಟಿಗೇ ಮುಗಿಯುತ್ತದೆ ಅಂತ ನನ್ನ ಲೆಕ್ಕ. ಆದರೆ ಬಹಳಷ್ಟು ದೇಶಗಳಲ್ಲಿ ದೊಡ್ಡವರ ಪಾಸ್‌ಪೋರ್ಟ್ 10 ವರ್ಷ ನಡೆದರೆ ಚಿಕ್ಕ ಮಕ್ಕಳದ್ದು 5 ವರ್ಷ ಮಾತ್ರ. ಇದು ಗೊತ್ತಿದ್ದೂ ಮರೆಯುವಂಥ ವಿಷಯ.

ಅವಧಿಯ ಲೆಕ್ಕ ಹೀಗೆ. ಎಷ್ಟೋ ದೇಶಗಳೂ ಕ್ರೂಸ್ ಕಂಪನಿಗಳೂ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳು ಅಲ್ಲಿಂದ ಹೊರಟ ಮೇಲೆ 3 ತಿಂಗಳು ಉಳಿದಿದ್ದರೆ ಸಾಕು ಅನ್ನುತ್ತವೆ. ಜೊತೆಗೆ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಮೀರಿರಬಾರದು. ನೀವು ಈ ಎಲ್ಲ ಲೆಕ್ಕದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಹೊರಡುವ ದಿನದಿಂದ ಎಣಿಸದೆ ಮನೆಗೆ ವಾಪಸ್ ಬರುವ ದಿನದಿಂದ 6 ತಿಂಗಳು ಎಣಿಸಿ. ಅದಕ್ಕಿಂತ ಒಂದು ದಿನ ಕಡಿಮೆ ಇದ್ದರೂ ಹೊಸದು ಮಾಡಿಸಿ.

ಆಮೇಲೆ ಖಾಲಿ ಪುಟ ನೋಡಿ. ಎದುರುಬದುರಾಗಿ ಎರಡು ಪೂರ್ತಿ ಖಾಲಿ ಪುಟ ಇದ್ದರೆ ಒಳ್ಳೆಯದು. ಪುಟ ಹರಿದಿದೆಯಾ, ನೀರು ತಾಗಿ ಉಬ್ಬಿದೆಯಾ, ಮಗು ಪೆನ್ನಿನಲ್ಲಿ ಗೀಚಿದೆಯಾ? ಇದ್ದರೆ ಅದೂ ಹೊಸದಾಗಬೇಕು. ಹಾಳಾದ ಪಾಸ್‌ಪೋರ್ಟನ್ನು ಅವಧಿ ಇದ್ದರೂ ಒಪ್ಪದಿರುವ ಹಕ್ಕು ಅಧಿಕಾರಿಗಿದೆ.

ಈಗ ಫೋಟೊ ಪುಟದ ತೀರಾ ಕೆಳಗೆ ನೋಡಿ. ಬಾಣದ ತುದಿಯಂಥ ಗುರುತುಗಳು ತುಂಬಿದ ಎರಡು ಸಾಲು ಇರುತ್ತವೆ. ಒಂದೊಂದು ಸಾಲಿನಲ್ಲೂ ಸರಿಯಾಗಿ 44 ಅಕ್ಷರ. ಯಂತ್ರ ಓದೋದು ಇದನ್ನೇ. ಮೊದಲ ಸಾಲಿನಲ್ಲಿ ಮನೆತನದ ಹೆಸರು, ಎರಡು ಬಾಣದ ಗುರುತು, ಆಮೇಲೆ ಕೊಟ್ಟ ಹೆಸರು. ಎರಡನೇ ಸಾಲು ಪಾಸ್‌ಪೋರ್ಟ್ ನಂಬರಿನಿಂದ ಶುರು. ಬುಕಿಂಗ್‌ನಲ್ಲಿ ಹೆಸರು ತುಂಬುವಾಗ ಈ ಸಾಲನ್ನು ನೋಡಿಕೊಂಡೇ ತುಂಬಿ. ಮನೆಯಲ್ಲಿ ಕರೆಯುವ ಹೆಸರು ಬೇಡ, ಮದುವೆಯ ನಂತರ ಬಳಸುವ ಹೆಸರು ಪಾಸ್‌ಪೋರ್ಟ್‌ನಲ್ಲಿ ಇಲ್ಲದಿದ್ದರೆ ಅದೂ ಬೇಡ. ಇನಿಷಿಯಲ್ ಇದ್ದರೆ ಇನಿಷಿಯಲ್, ಬಿಡಿಸಿ ಬರೆದಿದ್ದರೆ ಬಿಡಿಸಿಯೇ. ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರು ಖಾಲಿ ಕಾಲಮ್‌ನಲ್ಲಿ ಏನು ತುಂಬಬೇಕು ಅಂತ ಕ್ರೂಸ್ ಕಂಪನಿಯನ್ನೂ ವಿಮಾನ ಕಂಪನಿಯನ್ನೂ ಕೇಳಿ. ಎರಡೂ ಕಡೆ ಒಂದೇ ಥರ ಇರಲಿ.

ಇನ್ನೊಂದು ಮಾತು. ನಮ್ಮ ಚಿಕ್ಕವಳಿಗೆ ಹೊಸ ಪಾಸ್‌ಪೋರ್ಟ್ ಬಂತು, ಖುಷಿಯಾಗಿ ಫೈಲಿಗೆ ಸೇರಿಸಿದೆವು. ಕ್ರೂಸ್ ಬುಕಿಂಗ್‌ನಲ್ಲಿ ಮಾತ್ರ ಹಳೆಯ ನಂಬರೇ ಕೂತಿತ್ತು. ಹೊಸ ಪುಸ್ತಕದ ಜೊತೆ ಹೊಸ ನಂಬರ್ ಬರುತ್ತದೆ, ಅಲ್ವಾ? ಬುಕಿಂಗ್, ವಿಮಾನದ ಟಿಕೆಟ್, ಇನ್ಶೂರೆನ್ಸ್, ಆನ್‌ಲೈನ್ ಪರವಾನಗಿ, ಹಳೆಯ ನಂಬರ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬದಲಿಸಿ. ಹಳೆಯ ಪಾಸ್‌ಪೋರ್ಟ್‌ನಲ್ಲಿ ನಡೆಯುತ್ತಿರುವ ವೀಸಾ ಇದ್ದರೆ ಆ ಪುಸ್ತಕವನ್ನೂ ಜೊತೆಗೆ ಒಯ್ಯಬೇಕಾಗುತ್ತದೆ. ಎಸೆಯಬೇಡಿ.

ವೀಸಾ: ಎಷ್ಟು ಸಲ ಒಳಗೆ ಬರುತ್ತೀರಿ ಅಂತ ಎಣಿಸಿ

ಮೊದಲ ಸಲ ಹೋಗುವವರು ಜಾಸ್ತಿ ಎಡವೋದು ಇಲ್ಲೇ. ವಿಮಾನದ ಪ್ರವಾಸದಲ್ಲಿ ಒಂದು ದೇಶಕ್ಕೆ ಒಮ್ಮೆ ಹೋಗಿ ಒಮ್ಮೆ ಹೊರಬರುತ್ತೇವೆ. ಹಡಗು ಹಾಗಲ್ಲ. ಹೊರಟಲ್ಲಿಗೇ ವಾಪಸ್ ಬರುತ್ತದೆ, ಮಧ್ಯೆ ಬೇರೆ ದೇಶ ಮುಟ್ಟಿರುತ್ತದೆ. ಸಿಂಗಾಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್, ಥಾಯ್ಲೆಂಡಿನ ಫುಕೆಟ್ ನೋಡಿ ಸಿಂಗಾಪುರಕ್ಕೆ ಮರಳುವ ಯಾನದಲ್ಲಿ ನೀವು ಸಿಂಗಾಪುರಕ್ಕೆ ಎರಡು ಸಲ ಕಾಲಿಟ್ಟ ಲೆಕ್ಕ. ವಿಮಾನದಲ್ಲಿ ಬಂದಿದ್ದು ಒಂದು, ಹಡಗಿನಲ್ಲಿ ಬಂದಿದ್ದು ಇನ್ನೊಂದು. ಸಿಂಗಲ್ ಎಂಟ್ರಿ ವೀಸಾ ಇದ್ದರೆ ಹಡಗು ಹತ್ತಿದ ಕೂಡಲೇ ಅದು ಮುಗಿಯಿತು. ಹಡಗಿನವರಿಗೆ ಇದು ಗೊತ್ತು. ಹಾಗಾಗಿ ಅವರು ಹತ್ತಿಸಿಕೊಳ್ಳೋದೇ ಇಲ್ಲ.

ಯುರೋಪಿನ ಉದಾಹರಣೆ ನೋಡಿ. ಇಟಲಿಯಿಂದ ಹೊರಟು ಕ್ರೊಯೇಷಿಯಾದ ಡುಬ್ರೊವ್ನಿಕ್, ಮಾಂಟೆನೆಗ್ರೊದ ಕೋಟೋರ್, ಗ್ರೀಸಿನ ಕೋರ್ಫು ನೋಡಿ ಇಟಲಿಗೆ ಬರುವ ದಾರಿ. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ಸೇರಿತು. ಹಾಗಾಗಿ ಡುಬ್ರೊವ್ನಿಕ್ ಈಗ ಷೆಂಗೆನ್ ಒಳಗೇ ಇದೆ. ಹಳೆಯ ಸಲಹೆ ಓದಿದವರು ಇದನ್ನು ಹೊರಗೆ ಅಂದುಕೊಂಡಿರುತ್ತಾರೆ. ಆದರೆ ಕೋಟೋರ್ ಹೊರಗೆ. ಅಲ್ಲಿ ಮುಟ್ಟಿದ ಹಡಗು ಕೋರ್ಫುಗೆ ಬಂದಾಗ ನೀವು ಮತ್ತೆ ಷೆಂಗೆನ್ ಒಳಗೆ ಬಂದ ಹಾಗೆ. ಇಡೀ ಯಾನದಲ್ಲಿ ಒಂದೇ ಒಂದು ಬಂದರು ಹೊರಗಿದೆ, ಅದೂ ಕೆಲವೇ ಗಂಟೆ. ಆದರೂ ಮಲ್ಟಿಪಲ್ ಎಂಟ್ರಿ ವೀಸಾ ಬೇಕು.

ಷೆಂಗೆನ್ ವೀಸಾ ಯಾವ ದೇಶದಿಂದ ಕೇಳಬೇಕು? ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶದಿಂದ. ದಿನಗಳು ಸಮನಾಗಿದ್ದರೆ ಮೊದಲು ಒಳಗೆ ಬರುವ ದೇಶದಿಂದ. ಪ್ರವಾಸಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆಯಾದರೂ ಹಾಕಲೇಬೇಕು. ಆ 15 ದಿನವನ್ನು ನೆಚ್ಚಿಕೊಳ್ಳಬೇಡಿ. ಬೇಸಿಗೆ ರಜೆಯ ಕಾಲದಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ. ಮೂರು ತಿಂಗಳು ಕೈಯಲ್ಲಿರಲಿ. ಅರ್ಜಿಯ ಜೊತೆ ಕ್ರೂಸ್ ಬುಕಿಂಗ್‌ನ ಪೂರ್ತಿ ಪ್ರತಿ, ದಿನವಾರು ಬಂದರುಗಳ ಪಟ್ಟಿ ಇಡಿ. ಕವರ್ ಲೆಟರ್‌ನಲ್ಲಿ ಯಾವ ತಾರೀಖು ಹೊರಗೆ ಹೋಗಿ ಯಾವ ತಾರೀಖು ಮತ್ತೆ ಒಳಗೆ ಬರುತ್ತೀರಿ ಅಂತ ಬಿಡಿಸಿ ಬರೆಯಿರಿ. ಅರ್ಜಿ ನೋಡುವವರಿಗೆ ಮಲ್ಟಿಪಲ್ ಎಂಟ್ರಿ ಯಾಕೆ ಬೇಕು ಅಂತ ಒಂದೇ ನೋಟಕ್ಕೆ ಅರ್ಥವಾಗಬೇಕು.

ಅಮೆರಿಕದ ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗುವ ಹಡಗುಗಳು ಕೆನಡಾದ ವಿಕ್ಟೋರಿಯಾದಂಥ ಬಂದರಿನಲ್ಲಿ ಒಂದು ಸಂಜೆ ನಿಲ್ಲುತ್ತವೆ. ಅಮೆರಿಕದ 1886ರ ಒಂದು ಕಾನೂನಿನ ಪ್ರಕಾರ ಹೊರದೇಶದಲ್ಲಿ ನೋಂದಣಿಯಾದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸುವ ಹಾಗಿಲ್ಲ. ಅದಕ್ಕೇ ಮಧ್ಯೆ ಒಂದು ಹೊರದೇಶದ ಬಂದರು. ನೋಡೋಕೆ ಪೂರ್ತಿ ಅಮೆರಿಕದ ಪ್ರವಾಸ, ಆದರೆ ಕೆನಡಾ ವೀಸಾ ಬೇಕಾದ ಪಾಸ್‌ಪೋರ್ಟ್‌ನವರು ಅದನ್ನೂ ಮಾಡಿಸಿಕೊಳ್ಳಬೇಕು.

"ನಾವು ಆ ಬಂದರಿನಲ್ಲಿ ಇಳಿಯೋದೇ ಇಲ್ಲ, ಹಡಗಲ್ಲೇ ಇರುತ್ತೇವೆ" ಅನ್ನೋ ಮಾತು ಎಲ್ಲ ಕಡೆ ನಡೆಯಲ್ಲ. ಕೆಲವು ದೇಶಗಳು ಹಡಗಿನಲ್ಲಿ ಒಂದು ದಿನಕ್ಕೆ ಬಂದವರನ್ನು ವೀಸಾ ಇಲ್ಲದೆ ಬಿಡುತ್ತವೆ. ಇನ್ನು ಕೆಲವು ಹಡಗಿನೊಳಗೇ ಇರುವವರಿಗೂ ವೀಸಾ ಕೇಳುತ್ತವೆ. ಪ್ರತಿ ದೇಶದ ರಾಯಭಾರ ಕಚೇರಿಯ ಅಧಿಕೃತ ತಾಣದಲ್ಲಿ ನಿಮ್ಮ ಪಾಸ್‌ಪೋರ್ಟ್‌ಗೆ ಏನು ನಿಯಮ ಅಂತ ನೋಡಿ. ಆಮೇಲೆ ಕ್ರೂಸ್ ಕಂಪನಿಗೆ ಇಮೇಲ್ ಬರೆದು ಕೇಳಿ, ಉತ್ತರವನ್ನು ಪ್ರಿಂಟ್ ತೆಗೆದಿಡಿ. ಫೋನಿನಲ್ಲಿ ಹೇಳಿದ ಮಾತು ಟರ್ಮಿನಲ್‌ನಲ್ಲಿ ಕೆಲಸಕ್ಕೆ ಬರಲ್ಲ. ಮನೆಯಲ್ಲಿ ಯಾರಾದರೂ ಬೇರೆ ದೇಶದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅವರ ಲೆಕ್ಕ ಪೂರ್ತಿ ಬೇರೆ ಮಾಡಿ.

ಕ್ಯಾಬಿನ್ ಬುಕ್ ಮಾಡುವಾಗ

ಜಾಹೀರಾತಿನ ದರ ಸಾಮಾನ್ಯವಾಗಿ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಅನ್ನೋ ಲೆಕ್ಕದಲ್ಲಿ ತಲೆಗೆ ಇಷ್ಟು ಅಂತ ಇರುತ್ತದೆ. ಅದರ ಮೇಲೆ ಬಂದರು ಶುಲ್ಕ, ದಿನದ ಟಿಪ್ಸ್, ಇಂಟರ್ನೆಟ್, ದಡದ ಪ್ರವಾಸಗಳು ಸೇರುತ್ತವೆ. ಮಕ್ಕಳಿಗೂ ಟಿಪ್ಸ್ ಹಾಕುವ ಕಂಪನಿಗಳಿವೆ, ಕೇಳಿಕೊಳ್ಳಿ.

ಮಕ್ಕಳನ್ನು ಮೊದಲೇ ಬುಕಿಂಗ್‌ಗೆ ಸೇರಿಸಿ. "ಕೂಸು ತಾನೇ, ನಮ್ಮ ಜೊತೆ ಮಲಗುತ್ತೆ, ಆಮೇಲೆ ಸೇರಿಸೋಣ" ಅನ್ನಬೇಡಿ. ಹಡಗಿನಲ್ಲಿ ಎಷ್ಟು ಜನ ಇರಬಹುದು ಅನ್ನೋದಕ್ಕೆ ಹಾಸಿಗೆಯ ಲೆಕ್ಕ ಸಾಲದು, ಲೈಫ್‌ಬೋಟ್‌ನ ಜಾಗದ ಲೆಕ್ಕವೂ ಇದೆ. ಕೂಸಿಗೂ ಅಲ್ಲಿ ಒಂದು ಜಾಗ ಬೇಕು. ಕ್ಯಾಬಿನ್‌ನಲ್ಲಿ ಜಾಗ ಇದ್ದರೂ ಬೋಟ್‌ನಲ್ಲಿ ಇಲ್ಲದಿದ್ದರೆ ಸೇರಿಸಲು ಬರಲ್ಲ.

ಹೊಟ್ಟೆ ತೊಳಸುವ ಭಯ ಇದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್‌ನಲ್ಲಿ ಕ್ಯಾಬಿನ್ ತೆಗೆದುಕೊಳ್ಳಿ. ಅಲ್ಲಿ ಅಲುಗಾಟ ಕಡಿಮೆ. ಕ್ಯಾಬಿನ್ ನಂಬರನ್ನು ಕಂಪನಿಯೇ ಆಮೇಲೆ ಕೊಡುವ ಅಗ್ಗದ ದರವೂ ಇರುತ್ತದೆ. ಎರಡು ಕ್ಯಾಬಿನ್ ಬೇಕಾದ ಕುಟುಂಬ ಅದನ್ನು ತೆಗೆದುಕೊಳ್ಳಬಾರದು. ಅಪ್ಪ ಅಮ್ಮ ಒಂದು ಡೆಕ್, ಅಜ್ಜಿ ಮಕ್ಕಳು ಇನ್ನೊಂದು ಡೆಕ್ ಆಗಿಬಿಡಬಹುದು.

ಮಕ್ಕಳಿಗೆ ಪಾಸ್‌ಪೋರ್ಟ್ ಒಂದೇ ಸಾಲದು

ಅಪ್ಪ ಅಮ್ಮ ಇಬ್ಬರೂ ಜೊತೆಗಿದ್ದರೆ ಜನನ ಪ್ರಮಾಣಪತ್ರದ ಪ್ರತಿ ಒಂದು ಇಟ್ಟುಕೊಂಡರೆ ಸಾಕು. ಅದರಲ್ಲೂ ಮಗುವಿನ ಮತ್ತು ತಾಯಿಯ ಹೆಸರಿನ ಕೊನೆಯ ಭಾಗ ಬೇರೆ ಇದ್ದರೆ ಅದು ಕೈಯಲ್ಲೇ ಇರಲಿ.

ಒಬ್ಬರೇ ಕರೆದುಕೊಂಡು ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಬೇಕಾಗುತ್ತದೆ, ನೋಟರಿ ಮುಂದೆ ಸಹಿ ಮಾಡಿದ್ದು. ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಯಾರ ಜೊತೆ ಹೋಗುತ್ತಿದೆ, ಹಡಗಿನ ಹೆಸರು, ಹೊರಡುವ ಮರಳುವ ತಾರೀಖು, ಮುಟ್ಟುವ ದೇಶಗಳು, ಮನೆಯಲ್ಲಿ ಉಳಿದವರ ಫೋನ್ ನಂಬರ್, ಎಲ್ಲ ಅದರಲ್ಲಿರಲಿ. ತುರ್ತು ಚಿಕಿತ್ಸೆಗೆ ಒಪ್ಪಿಗೆ ಕೊಡುವ ಒಂದು ಸಾಲನ್ನೂ ಸೇರಿಸಿ. ಹಡಗಿನ ಡಾಕ್ಟರ್ ಮಗುವಿಗೆ ಹೊಲಿಗೆ ಹಾಕುವಾಗ ಯಾರ ಮಾತು ಕೇಳಬೇಕು ಅನ್ನೋ ಗೊಂದಲ ಆಗಬಾರದು. ಅಜ್ಜ ಅಜ್ಜಿ, ಅತ್ತೆ, ಚಿಕ್ಕಪ್ಪನ ಜೊತೆ ಮಕ್ಕಳು ಹೋಗುತ್ತಿದ್ದರೆ ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕು. ಇಬ್ಬರಲ್ಲಿ ಒಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ, ಬೇರೆಯಾಗಿದ್ದರೆ ಮಗುವಿನ ಜವಾಬ್ದಾರಿ ಯಾರದ್ದು ಅನ್ನುವ ಕೋರ್ಟ್ ಆದೇಶದ ಪ್ರತಿ. ಇವನ್ನು ಹೊತ್ತೊಯ್ಯೋದು ಮನಸ್ಸಿಗೆ ಹಿಂಸೆ ಅನಿಸಬಹುದು, ನಿಜ. ಆದರೆ ಮಕ್ಕಳನ್ನು ಕದ್ದು ಸಾಗಿಸೋದನ್ನು ತಡೆಯಲಿಕ್ಕೇ ಈ ಪ್ರಶ್ನೆಗಳನ್ನು ಕೇಳುತ್ತಾರೆ.

ವಯಸ್ಸಿನ ನಿಯಮವನ್ನೂ ನೋಡಿ. ಬಹಳಷ್ಟು ಕಂಪನಿಗಳು 6 ತಿಂಗಳಿಗಿಂತ ಚಿಕ್ಕ ಕೂಸನ್ನು ಹತ್ತಿಸಿಕೊಳ್ಳಲ್ಲ. ಸಾಗರ ದಾಟುವಂಥ, ದಿನಗಟ್ಟಲೆ ದಡ ಕಾಣದ ಯಾನಗಳಿಗೆ 12 ತಿಂಗಳು ತುಂಬಿರಬೇಕು. ಗರ್ಭಿಣಿಯರಿಗೆ ಸಾಮಾನ್ಯವಾಗಿ 24 ವಾರದ ಗಡಿ ಇದೆ. ಅದನ್ನು ಹಡಗು ಹತ್ತುವ ದಿನದಿಂದ ಎಣಿಸದೆ ಯಾನ ಮುಗಿಯುವ ದಿನಕ್ಕೆ ಎಣಿಸುತ್ತಾರೆ. ಎಷ್ಟನೇ ವಾರ, ಪ್ರಯಾಣಕ್ಕೆ ತೊಂದರೆ ಇಲ್ಲ ಅಂತ ಡಾಕ್ಟರ್ ಬರೆದ ಪತ್ರ ಜೊತೆಗಿರಬೇಕು.

ಆರೋಗ್ಯದ ಕಾಗದ ಮತ್ತು ಇನ್ಶೂರೆನ್ಸ್

ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ಬಂದರುಗಳು ದಾರಿಯಲ್ಲಿದ್ದರೆ ಯೆಲ್ಲೋ ಫೀವರ್ ಲಸಿಕೆಯ ಪ್ರಮಾಣಪತ್ರ ಕೇಳಬಹುದು. ಹಾಕಿಸಿದ 10 ದಿನದ ಮೇಲೇ ಅದಕ್ಕೆ ಬೆಲೆ. ಹೊರಡುವ ಹಿಂದಿನ ವಾರ ಓಡಿದರೆ ಪ್ರಯೋಜನ ಇಲ್ಲ. 2016ರ ಜುಲೈನಿಂದ ಈ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಹಿಂದೆ ಯಾವಾಗಲೋ ಹಾಕಿಸಿದ್ದರೆ ಆ ಹಳದಿ ಪುಸ್ತಕವನ್ನು ಹುಡುಕಿ ತೆಗೆಯಿರಿ.

ಇನ್ಶೂರೆನ್ಸ್ ವಿಷಯದಲ್ಲಿ ಜಿಪುಣತನ ಬೇಡ. ಹಡಗಿನಲ್ಲಿ ಡಾಕ್ಟರ್, ನರ್ಸ್ ಇರುತ್ತಾರೆ, ಆದರೆ ಅದು ಪುಟ್ಟ ಕ್ಲಿನಿಕ್, ಅಲ್ಲಿನ ಬಿಲ್ ನಿಮ್ಮ ಖಾತೆಗೇ ಬೀಳುತ್ತದೆ. ಕೈಯಿಂದ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ಪಾಲಿಸಿ ಕೊಳ್ಳುವಾಗ ಮೂರು ಪದ ಹುಡುಕಿ. ಕ್ರೂಸ್‌ಗೆ ಅನ್ವಯಿಸುತ್ತದೆ ಅನ್ನೋ ಮಾತು, ಹಡಗಿನಿಂದ ಆಸ್ಪತ್ರೆಗೆ ಸಾಗಿಸುವ ವೆಚ್ಚ, ವಿಮಾನ ತಡವಾಗಿ ಹಡಗು ತಪ್ಪಿದರೆ ಪರಿಹಾರ. ಎರಡನೆಯದು ಎಲ್ಲಕ್ಕಿಂತ ಮುಖ್ಯ. ನಡುಸಮುದ್ರದಿಂದ ಹೆಲಿಕಾಪ್ಟರ್‌ನಲ್ಲಿ ಕರೆದೊಯ್ಯುವ ಖರ್ಚು ಒಂದು ಕುಟುಂಬದ ಉಳಿತಾಯವನ್ನೇ ನುಂಗಬಹುದು. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಚಿಕಿತ್ಸಾ ವಿಮೆ ಕಡ್ಡಾಯ. ಹಿರಿಯರಿಗೆ ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡದೆ ಹೇಳಿಯೇ ಪಾಲಿಸಿ ಮಾಡಿಸಿ. ಮುಚ್ಚಿಟ್ಟ ಕಾಯಿಲೆಗೆ ಕ್ಲೇಮ್ ಸಿಗಲ್ಲ.

ಔಷಧಿಗಳು ಅಂಗಡಿಯಿಂದ ತಂದ ಪ್ಯಾಕ್‌ನಲ್ಲೇ ಇರಲಿ, ಡಾಕ್ಟರ್ ಚೀಟಿಯ ಜೊತೆ. ಪ್ರವಾಸದ ದಿನಕ್ಕಿಂತ ನಾಲ್ಕೈದು ದಿನದ್ದು ಜಾಸ್ತಿ ಇಟ್ಟುಕೊಳ್ಳಿ.

ಊರಿನ ಹೆಸರು ಬೇರೆ, ಬಂದರು ಬೇರೆ

ಪಟ್ಟಿಯಲ್ಲಿ "ರೋಮ್" ಅಂತ ಬರೆದಿದ್ದರೆ ಹಡಗು ನಿಲ್ಲೋದು ಚಿವಿತಾವೆಕಿಯಾದಲ್ಲಿ, ರೋಮ್‌ನಿಂದ 70-80 ಕಿ.ಮೀ. ದೂರ. "ಪ್ಯಾರಿಸ್" ಅಂದರೆ ಲೆ ಹಾವ್ರ್, ಸುಮಾರು 200 ಕಿ.ಮೀ. "ಬರ್ಲಿನ್" ಅಂದರೆ ವಾರ್ನೆಮ್ಯುಂಡೆ, ಅದು ಇನ್ನೂ ದೂರ. ಲಂಡನ್ನಿಗೆ ಅಂತ ಹೋದವರು ಹಡಗು ಹತ್ತೋದು ಹೆಚ್ಚಾಗಿ ಸೌತಾಂಪ್ಟನ್‌ನಲ್ಲಿ. ವಿಮಾನದ ಟಿಕೆಟ್ ತೆಗೆಯುವ ಮುಂಚೆ ನಕ್ಷೆ ತೆರೆದು ಬಂದರಿನ ನಿಜವಾದ ಹೆಸರು ಹಾಕಿ ದೂರ ನೋಡಿ. ಒಂದೇ ಊರಲ್ಲಿ ಎರಡು ಮೂರು ಟರ್ಮಿನಲ್ ಇರಬಹುದು, ಬೋರ್ಡಿಂಗ್ ಪಾಸ್‌ನಲ್ಲಿರುವ ಟರ್ಮಿನಲ್ ಹೆಸರನ್ನೇ ಡ್ರೈವರ್‌ಗೆ ತೋರಿಸಿ.

ಹಡಗು ಹೊರಡುವ ದಿನವೇ ವಿಮಾನದಲ್ಲಿ ಬಂದಿಳಿಯುವ ಯೋಚನೆ ಬಿಡಿ. ಒಂದು ದಿನ ಮುಂಚೆ ಹೋಗಿ ಹೋಟೆಲ್‌ನಲ್ಲಿ ಉಳಿಯಿರಿ. ಒಂದು ರಾತ್ರಿಯ ಖರ್ಚು ಜಾಸ್ತಿಯಾಗುತ್ತದೆ, ಹೌದು. ತಡವಾದ ವಿಮಾನಕ್ಕೆ ಹಡಗು ಕಾಯಲ್ಲ. ಮಕ್ಕಳೂ ಚೆನ್ನಾಗಿ ನಿದ್ದೆ ಮಾಡಿ ಎದ್ದಿರುತ್ತಾರೆ.

ಆನ್‌ಲೈನ್ ಚೆಕ್-ಇನ್ ಮತ್ತು ಒಂದು ಫೈಲ್

ಕಂಪನಿಯ ತಾಣ ಅಥವಾ ಆ್ಯಪ್‌ನಲ್ಲಿ ಚೆಕ್-ಇನ್ ತೆರೆದ ದಿನವೇ ಮುಗಿಸಿ. ಬೇಗ ಮಾಡಿದವರಿಗೆ ಹಡಗು ಹತ್ತುವ ಒಳ್ಳೆಯ ಸಮಯ ಸಿಗುತ್ತದೆ. ಪಾಸ್‌ಪೋರ್ಟ್ ವಿವರ ತುಂಬುವಾಗ ಒಬ್ಬರು ಓದಿ ಇನ್ನೊಬ್ಬರು ಬೆರಳಿಟ್ಟು ನೋಡಲಿ. ಎರಡು ಕಡೆ ತಪ್ಪು ಜಾಸ್ತಿ. ನಂಬರಿನಲ್ಲಿ ಸೊನ್ನೆಯ ಜಾಗಕ್ಕೆ ಇಂಗ್ಲಿಷಿನ 'ಓ' ಅಕ್ಷರ ಬಿದ್ದಿರುತ್ತದೆ. ಹುಟ್ಟಿದ ದಿನದಲ್ಲಿ ತಿಂಗಳು ದಿನ ಅದಲುಬದಲಾಗಿರುತ್ತದೆ. ಕೆಲವು ತಾಣಗಳು ತಿಂಗಳನ್ನು ಮೊದಲು ಕೇಳುತ್ತವೆ, ಮಾರ್ಚ್ 5 ಹೋಗಿ ಮೇ 3 ಆಗಿಬಿಡುತ್ತದೆ.

ಆಮೇಲೆ ಫೈಲ್. ಒಬ್ಬೊಬ್ಬರಿಗೆ ಒಂದೊಂದು ಪ್ಲಾಸ್ಟಿಕ್ ಕವರ್, ಎಲ್ಲ ಸೇರಿ ಒಂದು ಫೈಲ್. ಪ್ರತಿ ಕವರ್‌ನಲ್ಲಿ ಪಾಸ್‌ಪೋರ್ಟ್, ವೀಸಾ ಪ್ರಿಂಟ್, ಬೋರ್ಡಿಂಗ್ ಪಾಸ್, ಇನ್ಶೂರೆನ್ಸ್ ಪುಟ, ಲಸಿಕೆ ಪತ್ರ. ಫೋನಿನಲ್ಲಿ ಎಲ್ಲ ಇದೆ ಅಂತ ಪ್ರಿಂಟ್ ಬಿಡಬೇಡಿ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಜೆರಾಕ್ಸ್ ಎರಡು ಸೆಟ್ ಮಾಡಿ ಬೇರೆ ಬೇರೆ ಬ್ಯಾಗ್‌ನಲ್ಲಿಡಿ. ಇನ್ನೊಂದು ಸೆಟ್‌ನ ಫೋಟೊ ಮನೆಯಲ್ಲಿ ಉಳಿದವರಿಗೆ ಕಳಿಸಿ. ಫೈಲ್ ಹಿಡಿಯುವ ಜವಾಬ್ದಾರಿ ಒಬ್ಬರದ್ದೇ ಆಗಿರಲಿ. "ನಿನ್ನ ಹತ್ರ ಇದೆ ಅಂದ್ಕೊಂಡೆ" ಅನ್ನೋ ಮಾತು ಟರ್ಮಿನಲ್‌ನಲ್ಲಿ ಕೇಳಬಾರದು.

ಪ್ಯಾಕಿಂಗ್‌ನಲ್ಲಿ ಎರಡು ಮಾತು

ದೊಡ್ಡ ಪೆಟ್ಟಿಗೆಗಳನ್ನು ಟರ್ಮಿನಲ್ ಬಾಗಿಲಲ್ಲೇ ಪೋರ್ಟರ್‌ಗಳು ತೆಗೆದುಕೊಳ್ಳುತ್ತಾರೆ. ಅವು ಕ್ಯಾಬಿನ್ ಬಾಗಿಲಿಗೆ ಬರೋದು ಸಂಜೆಯಾಗಬಹುದು. ಹಾಗಾಗಿ ಫೈಲ್, ಔಷಧಿ, ಕನ್ನಡಕ, ಚಾರ್ಜರ್, ಮಕ್ಕಳ ಈಜುಡುಗೆ, ಕೂಸಿನ ಡೈಪರ್ ಕೈಚೀಲದಲ್ಲಿರಲಿ. ಪಾಸ್‌ಪೋರ್ಟ್ ದೊಡ್ಡ ಪೆಟ್ಟಿಗೆಗೆ ಹೋಯಿತೋ, ಅದು ಹಡಗಿನೊಳಗೆ, ನೀವು ಹೊರಗೆ.

ಇಸ್ತ್ರಿ ಪೆಟ್ಟಿಗೆ, ಎಲೆಕ್ಟ್ರಿಕ್ ಕೆಟಲ್, ಮೇಣದಬತ್ತಿ, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಬೇಡಿ. ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿಯದ್ದು.

ಹತ್ತಿದ ದಿನ

ಮೊದಲು ಸುರಕ್ಷತಾ ಡ್ರಿಲ್. ಅಲಾರಂ ಕೇಳಿದರೆ ಎಲ್ಲಿ ಸೇರಬೇಕು, ಲೈಫ್‌ಜಾಕೆಟ್ ಹೇಗೆ ಹಾಕಿಕೊಳ್ಳಬೇಕು ಅಂತ ತೋರಿಸುತ್ತಾರೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಹಡಗು ಬಂಡೆಗೆ ತಾಗಿ ಮಗುಚಿ 32 ಜನ ಸತ್ತರು. ಆ ಸಂಜೆ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಇನ್ನೂ ಆಗಿರಲೇ ಇಲ್ಲ. ಆಗಿನ ನಿಯಮದಲ್ಲಿ 24 ಗಂಟೆಯ ಒಳಗೆ ಮಾಡಿದರೆ ಸಾಕಿತ್ತು. ಆಮೇಲೆ ಅಂತಾರಾಷ್ಟ್ರೀಯ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು. ಮಕ್ಕಳನ್ನು ಕರೆದುಕೊಂಡು ಹೋಗಿ, ಸೇರುವ ಜಾಗದ ನಂಬರನ್ನು ಅವರ ಬಾಯಿಂದಲೇ ಹೇಳಿಸಿ. ಕ್ಯಾಬಿನ್‌ಗೆ ಬಂದು ಮಕ್ಕಳ ಅಳತೆಯ ಲೈಫ್‌ಜಾಕೆಟ್ ಎಲ್ಲಿದೆ ಅಂತ ನೋಡಿ, ಇಲ್ಲದಿದ್ದರೆ ಸಿಬ್ಬಂದಿಯನ್ನು ಕೇಳಿ.

ಫೋನುಗಳನ್ನೆಲ್ಲ ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮಕ್ಕಳ ಟ್ಯಾಬ್ ಸಹಿತ. ಹಡಗಿನದ್ದೇ ಸ್ಯಾಟಲೈಟ್ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಫೋನ್ ತಾನಾಗೇ ಅದಕ್ಕೆ ಅಂಟಿಕೊಂಡರೆ ಬಿಲ್ ನೋಡಿ ಗಾಬರಿಯಾಗುತ್ತೀರಿ.

ಕೆಲವು ಯಾನಗಳಲ್ಲಿ ಹತ್ತಿದ ಕೂಡಲೇ ಪಾಸ್‌ಪೋರ್ಟ್‌ಗಳನ್ನು ಹಡಗಿನವರೇ ತೆಗೆದಿಟ್ಟುಕೊಳ್ಳುತ್ತಾರೆ. ಬಂದರುಗಳ ವಲಸೆ ಕೆಲಸ ಬೇಗ ಮುಗಿಯಲಿ ಅಂತ. ಹೆದರಬೇಡಿ, ರಸೀದಿ ಕೊಟ್ಟರೆ ಜೋಪಾನ ಮಾಡಿ, ಯಾವ ದಿನ ವಾಪಸ್ ಕೊಡುತ್ತಾರೆ ಅಂತ ಕೇಳಿಟ್ಟುಕೊಳ್ಳಿ.

ದಡಕ್ಕೆ ಇಳಿದಾಗ

ಹಡಗಿನ ಕಾರ್ಡ್, ಗುರುತಿನ ಚೀಟಿ, ಪಾಸ್‌ಪೋರ್ಟ್‌ನ ಜೆರಾಕ್ಸ್, ಆ ಬಂದರಿನಲ್ಲಿ ಹಡಗಿನ ಕೆಲಸ ನೋಡಿಕೊಳ್ಳುವ ಏಜೆಂಟ್‌ನ ಫೋನ್ ನಂಬರ್, ಇಷ್ಟು ಜೇಬಿನಲ್ಲಿರಲಿ. ಏಜೆಂಟ್‌ನ ನಂಬರ್ ಆ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಅಚ್ಚಾಗಿರುತ್ತದೆ. ಕೆಲವು ದೇಶಗಳಲ್ಲಿ ಮೂಲ ಪಾಸ್‌ಪೋರ್ಟೇ ಬೇಕು, ಅದನ್ನು ಹಿಂದಿನ ರಾತ್ರಿ ಹಡಗಿನಲ್ಲಿ ತಿಳಿಸುತ್ತಾರೆ.

ಹಡಗಿನ ಗಡಿಯಾರ ಮತ್ತು ದಡದ ಗಡಿಯಾರ ಬೇರೆ ಇರಬಹುದು. ವಾಪಸ್ ಬರಬೇಕಾದ ಹೊತ್ತು ಹಡಗಿನ ಸಮಯದಲ್ಲಿ ಇರುತ್ತದೆ, ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ಗಂಟೆ ಮುಂಚೆ. ದಡದ ಸಮಯಕ್ಕೆ ತಾನಾಗೇ ತಿರುಗುವ ಫೋನನ್ನು ನಂಬದೆ ಒಬ್ಬರಾದರೂ ಕೈಗಡಿಯಾರ ಕಟ್ಟಿಕೊಂಡು ಅದನ್ನು ಹಡಗಿನ ಸಮಯಕ್ಕೇ ಇಡಿ. ಹಡಗಿನವರೇ ನಡೆಸುವ ಪ್ರವಾಸ ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಸುತ್ತಿದರೆ ಕಾಯಲ್ಲ. ಗ್ರೀಸಿನ ಸಾಂಟೊರಿನಿಯಂಥ ಕಡೆ ಹಡಗು ದೂರ ನಿಂತು ಚಿಕ್ಕ ದೋಣಿಯಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಮೇಲಿನ ಊರಿನಿಂದ ಹಳೆಯ ಬಂದರಿಗೆ ಇಳಿಯಲು ಕೇಬಲ್ ಕಾರ್ ಇದೆ, ಇಲ್ಲವೇ ಸುಮಾರು 600 ಮೆಟ್ಟಿಲು. ಸಂಜೆ ಕೇಬಲ್ ಕಾರ್‌ನ ಸಾಲು ಉದ್ದ. ಹಿರಿಯರು, ಮಕ್ಕಳು ಇದ್ದರೆ ಒಂದೂವರೆ ಗಂಟೆ ಮುಂಚೆಯೇ ಸಾಲಿಗೆ ನಿಲ್ಲಿ.

ಕೊನೆಯ ರಾತ್ರಿ

ಬಣ್ಣದ ಅಥವಾ ನಂಬರಿನ ಟ್ಯಾಗ್ ಕೊಡುತ್ತಾರೆ. ಅದನ್ನು ಪೆಟ್ಟಿಗೆಗೆ ಕಟ್ಟಿ ಅವರು ಹೇಳಿದ ಹೊತ್ತಿಗೆ ಬಾಗಿಲ ಹೊರಗಿಡಬೇಕು, ಬೆಳಗ್ಗೆ ಟರ್ಮಿನಲ್‌ನಲ್ಲಿ ಸಿಗುತ್ತದೆ. ಪೆಟ್ಟಿಗೆ ಮುಚ್ಚುವ ಮುಂಚೆ ಮಾರನೆಯ ದಿನದ ಬಟ್ಟೆಯನ್ನು ಹಾಸಿಗೆಯ ಮೇಲೆ ಜೋಡಿಸಿ, ಅಂಗಿ, ಪ್ಯಾಂಟ್, ಒಳಉಡುಪು, ಚಪ್ಪಲಿ, ಪ್ರತಿಯೊಬ್ಬರದ್ದೂ. ನಮ್ಮ ದೊಡ್ಡವನು ಬೆಳಗ್ಗೆ ಬರಿಗಾಲಲ್ಲಿ ನಿಂತಿದ್ದ, ಶೂಗಳು ಆಗಲೇ ಕೆಳಗಿನ ಡೆಕ್ ಸೇರಿದ್ದವು. ಔಷಧಿ, ಫೈಲ್ ಕೈಚೀಲಕ್ಕೆ. ಲಾಕರ್ ಖಾಲಿ ಮಾಡುವಾಗ ಪಾಸ್‌ಪೋರ್ಟ್‌ಗಳನ್ನು ಗಟ್ಟಿಯಾಗಿ ಎಣಿಸಿ, ಹಡಗಿನವರು ತೆಗೆದಿಟ್ಟುಕೊಂಡಿದ್ದರೆ ವಾಪಸ್ ಬಂದವನ್ನೂ ಸೇರಿಸಿ. ಮರಳುವ ವಿಮಾನ ಮಧ್ಯಾಹ್ನದ ನಂತರದ್ದೇ ಇರಲಿ. ಸಾವಿರಾರು ಜನ ಒಟ್ಟಿಗೆ ಇಳಿಯುತ್ತಾರೆ, ವಲಸೆ ಸಾಲು ನಿಧಾನ. ಇಳಿಯುವ ಮುಂಚೆ ಹಡಗಿನ ಬಿಲ್ ಒಮ್ಮೆ ಓದಿ. ತಪ್ಪಿದ್ದರೆ ಅಲ್ಲೇ ಕೌಂಟರ್‌ನಲ್ಲಿ ಸರಿಪಡಿಸಿಕೊಳ್ಳೋದು ಸುಲಭ, ಮನೆಗೆ ಬಂದ ಮೇಲೆ ವಾರಗಟ್ಟಲೆ ಇಮೇಲ್ ಬರೆಯಬೇಕಾಗುತ್ತದೆ.